ವಾಪಸ್ ಸಿಗದ ಹಣ, ಎಂಟು ಅಡಿ ನೀರು

ಮಳೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಡೊಂಬಿವಲಿಯ ನಮ್ಮ ಮನೆಯ ನಲ್ಲಿಯಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬರತೊಡಗುತ್ತದೆ. ಹೊಳೆಯ ನೀರು ಕೆಂಪಾಗುವ ದಿನಗಳಲ್ಲಿ ಔಷಧಿಯನ್ನು ಸ್ವಲ್ಪ ಧಾರಾಳವಾಗಿಯೇ ಹಾಕುತ್ತಾರೆಂದು ಕಾಣುತ್ತದೆ. ನನ್ನ ಗಂಡ ಮೂಗು ಸಿಂಡರಿಸಿ ನೀರನ್ನು ಎರಡು ಸಲ ಕುದಿಸುತ್ತಾರೆ. ಮಗಳು ತನ್ವಿ "ಛೀ, ಸ್ವಿಮಿಂಗ್ ಪೂಲ್ ಪೀ ರಹೇ ಹೈ ಹಮ್" ಎಂದು ಈಜುಕೊಳವನ್ನೇ ಕುಡಿದವಳಂತೆ ಮುಖ ಮಾಡುತ್ತಾಳೆ. ನಾನು ಮಾತ್ರ ಲೋಟವನ್ನು ಮೂಗಿನ ಹತ್ತಿರ ಹಿಡಿದು ಒಂದು ಗಳಿಗೆ ನಿಲ್ಲುತ್ತೇನೆ. ಆ ವಾಸನೆಗೆ ಮೊದಲು ಎದೆ ಹಿಡಿದುಕೊಳ್ಳುತ್ತದೆ, ಅದರ ಬೆನ್ನಿಗೇ ನಗು ಬರುತ್ತದೆ.

ಎದೆ ಹಿಡಿಯುವ ಭಾಗವನ್ನು ಮೊದಲು ಹೇಳಿ ಮುಗಿಸುತ್ತೇನೆ.

ಆ ವರ್ಷ ಮಳೆ ಬೇಗ ಬಂದಿತ್ತು. ಒಂದು ಭಾನುವಾರ ಅಣ್ಣನ ಮನೆಯವರೂ ನಾವೂ ಸೇರಿ ಅಂಬರನಾಥದ ಆಚೆ ಒಂದು ಹಳ್ಳದ ದಂಡೆಗೆ ಹೋಗಿದ್ದೆವು. ನಮ್ಮ ರಸ್ತೆಯ ತಿರುವಿನಲ್ಲಿರುವ ಸಸ್ಯಾಹಾರಿ ಹೋಟೆಲು ಅಣ್ಣನದು. ಉಡುಪಿಯಿಂದ ಬಂದು ಗಲ್ಲಾದಲ್ಲಿ ಕೂತ ಮೇಲೆ ಅವನಿಗೆ ರಜೆ ಎಂಬುದು ಮರೆತೇ ಹೋಗಿತ್ತು; ಆ ದಿನ ಅತ್ತಿಗೆ ಜಗಳ ಮಾಡಿ ಹೊರಡಿಸಿದ್ದರು. ಗಂಡಸರಿಬ್ಬರೂ ಊಟದ ಡಬ್ಬಿ ತರಲು ಗಾಡಿಯ ಹತ್ತಿರ ಹೋಗಿದ್ದರು. ವಸಂತಿ ಅತ್ತಿಗೆ ಸೀರೆ ಸ್ವಲ್ಪ ಎತ್ತಿಕೊಂಡು ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ನಾನು ಹಿಂದಿನ ಬಂಡೆಯಲ್ಲಿದ್ದೆ. ನಮ್ಮ ಮೇಲೆ ಮಳೆ ಇರಲಿಲ್ಲ, ಮೇಲಿನ ಗುಡ್ಡದಲ್ಲಿ ಹೊಯ್ದಿರಬೇಕು. ನೀರು ನೋಡನೋಡುತ್ತ ಚಹಾದ ಬಣ್ಣಕ್ಕೆ ತಿರುಗಿತು. "ಅತ್ತಿಗೆ, ಏಳಿ" ಎಂದೆ. ಏಳಲೆಂದು ಅವರು ಒಂದು ಕಾಲನ್ನು ಕೆಳಗಿನ ಕಲ್ಲಿಗೆ ಊರಿದರು. ಆ ಕಾಲು ನಿಲ್ಲಲಿಲ್ಲ.

ಬಿದ್ದ ಸದ್ದೂ ಕೇಳಲಿಲ್ಲ. ಬಂಡೆಯ ಮೇಲೆ ಇದ್ದವರು ಇರಲಿಲ್ಲ, ಅಷ್ಟೆ. ಸ್ವಲ್ಪ ಕೆಳಗೆ ಒಂದು ಮರ ಹಳ್ಳಕ್ಕೆ ಅಡ್ಡವಾಗಿ ಬಿದ್ದಿತ್ತು. ಅದರ ಬೇರಿಗೆ ಸೆರಗು ಸಿಕ್ಕಿಕೊಂಡು ಅತ್ತಿಗೆ ಅಲ್ಲಿ ತಡೆದು ನಿಂತರು. ತಲೆ ಒಮ್ಮೆ ಮೇಲೆ ಬರುತ್ತಿತ್ತು, ಒಮ್ಮೆ ಒಳಗೆ ಹೋಗುತ್ತಿತ್ತು. ನಾನು ಸಿವಿಲ್ ಇಂಜಿನಿಯರಿಂಗ್ ಓದಿದವಳು. ಬೇಲಾಪುರದ ಆಫೀಸಿನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಮಾಡುವುದೇ ನನ್ನ ಕೆಲಸ. ಮೊಣಕಾಲುದ್ದದ ನೀರು ಎಷ್ಟು ವೇಗವಾಗಿ ಹರಿದರೆ ನಿಂತ ಮನುಷ್ಯ ಉರುಳುತ್ತಾನೆಂದು ಲೆಕ್ಕ ಹಾಕಿ ಪರೀಕ್ಷೆ ಪಾಸು ಮಾಡಿದ್ದೆ. ಈಜು ಬರುತ್ತಿರಲಿಲ್ಲ. ಕೂಗಿದೆ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಗುಂಪಿನವರು ಓಡಿಬಂದು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಮಾಡಿದರು, ತುದಿಯಲ್ಲಿದ್ದವನು ಛತ್ರಿಯ ಕೋಲು ಚಾಚಿದ. ದಂಡೆಗೆ ಬಂದ ಅತ್ತಿಗೆ ಬಾಯಿಯ ಕೆಸರನ್ನು ಉಗುಳಿ ಆಡಿದ ಮೊದಲ ಮಾತು: "ಒಂದು ಚಪ್ಪಲಿ ಹೋಯ್ತು."

ಅವರು ಮರುದಿನವೇ ಹೋಟೆಲಿಗೆ ಹೋಗಿ ಕೂತರು. ನಾನು ನಾಲ್ಕು ದಿನ ಜ್ವರ ಬಂದು ಮಲಗಿದೆ. ಕಣ್ಣು ಮುಚ್ಚಿದರೆ ಖಾಲಿ ಬಂಡೆ ಕಾಣುತ್ತಿತ್ತು. ಬಚ್ಚಲಿನಲ್ಲಿ ಬಕೆಟ್ ತುಂಬುವ ಸದ್ದು ಕೇಳಿದರೆ ಎದ್ದು ಹೋಗಿ ನಲ್ಲಿ ನಿಲ್ಲಿಸುತ್ತಿದ್ದೆ. ನಮ್ಮದು ಮೂರನೆಯ ಮಾಳಿಗೆ, ಅವರದು ನಾಲ್ಕನೆಯದು. ಗಂಜಿ ಹಿಡಿದುಕೊಂಡು ಇಳಿದು ಬಂದ ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಬಿದ್ದದ್ದು ನಾನು, ಜ್ವರ ಬಂದದ್ದು ನಿಂಗೆ. ಇದೆಂಥ ನ್ಯಾಯ ಮಾರಾಯ್ತಿ?"

"ನೀವು ಒಳಗೆ ಹೋದದ್ದನ್ನು ನೀವು ನೋಡಲಿಲ್ಲವಲ್ಲ ಅತ್ತಿಗೆ, ನಾನು ನೋಡಿದೆ."

ಅವರು ಗಂಜಿಯ ಬಟ್ಟಲನ್ನು ನನ್ನ ಪಕ್ಕ ಇಟ್ಟರು. ಆಮೇಲೆ, "ಹಾಗಾದ್ರೆ ಈಜು ಕಲಿಯುವ. ಇಬ್ಬರೂ" ಎಂದರು.

ಕಲಿಯುವ ಎಂದು ಹೇಳುವುದು ಸುಲಭ. ಅತ್ತಿಗೆಗೆ ತಮ್ಮ ಚರಿತ್ರೆ ಗೊತ್ತಿತ್ತು. "ಯೋಗದ ಕ್ಲಾಸಿಗೆ ವರ್ಷದ ಫೀಸು ಕಟ್ಟಿ ಒಂದು ವಾರ ಹೋದೆ. ವಾಕಿಂಗಿಗೆ ಶೂ ತಗೊಂಡೆ, ಈಗ ಅದರಲ್ಲಿ ನಿನ್ನ ಅಣ್ಣ ಹೋಟೆಲಿನ ಚಿಲ್ಲರೆ ತುಂಬಿಸಿಡ್ತಾರೆ. ಹಣ ಕಟ್ಟಿದ್ರೆ ಸಾಲದು ಸುಮಾ. ಹಣ ಹೋಗಬಾರದ ಕಡೆ ಹೋಗುವ ಹಾಗಿರಬೇಕು."

ಹೋಗಬಾರದ ಕಡೆ ಎಂದರೆ ಯಾವುದೆಂದು ನಮ್ಮ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಎದುರು ಕಟ್ಟಡದ ಗಣಪತಿ ಮಂಡಳ. ಅವರು ಪ್ರತಿ ವರ್ಷ ಮಂಟಪವನ್ನು ಒಂದೊಂದು ಮೊಳ ನಮ್ಮ ಗೇಟಿನ ಕಡೆಗೆ ಸರಿಸುತ್ತಿದ್ದರು. ಹಿಂದಿನ ವರ್ಷವಂತೂ ರಾತ್ರೋರಾತ್ರಿ ಬಿದಿರು ನೆಟ್ಟಾಗ ಎರಡನೆಯ ಮಾಳಿಗೆಯ ಗೀತಕ್ಕನ ಯಜಮಾನರ ಸ್ಕೂಟರು ಮಂಟಪದ ಒಳಗೇ ಉಳಿದುಹೋಯಿತು. ವಿಸರ್ಜನೆಯ ತನಕ ಅದಕ್ಕೂ ದೇವರ ಜೊತೆ ಮಂಗಳಾರತಿ ಆಯಿತು. ಯಜಮಾನರು ಅಷ್ಟು ದಿನವೂ ಸ್ಟೇಷನ್ನಿಗೆ ನಡೆದೇ ಹೋದರು. ಡಿಜೆಯ ಸದ್ದಿಗೆ ನಮ್ಮ ಕಿಟಕಿಯ ಗಾಜುಗಳು ಹಲ್ಲು ಕಡಿಯುತ್ತಿದ್ದವು. ದೇವರ ಮೇಲೆ ಯಾರಿಗೂ ಕೋಪವಿರಲಿಲ್ಲ. ಕೋಪವೆಲ್ಲ ಮಂಡಳದ ಅಧ್ಯಕ್ಷರಾದ ಪಾಟೀಲ್ ಕಾಕಾ ಮೇಲೆ. ಅವರೋ ಎಷ್ಟು ಬೈದರೂ ನಗುತ್ತಲೇ ಪ್ರಸಾದದ ಪೊಟ್ಟಣ ಕೊಡುವ ಮನುಷ್ಯ.

ಅತ್ತಿಗೆಯ ಯೋಜನೆ ಹೀಗಿತ್ತು. ನಾವು ತಲಾ ಹತ್ತು ಸಾವಿರ ತೆಗೆದಿಡಬೇಕು. ಚೌತಿಯ ಹಿಂದಿನ ದಿನದೊಳಗೆ ಕೊಳದ ಈ ತುದಿಯಿಂದ ಆ ತುದಿಗೆ, ಆಳದ ಭಾಗವನ್ನೂ ಸೇರಿಸಿ, ಈಜಿದವರಿಗೆ ಹಣ ವಾಪಸ್. ಈಜದವರ ಹಣ ಎದುರಿನ ಮಂಡಳಕ್ಕೆ ವರ್ಗಣಿ, ಅಂದರೆ ಗಣಪತಿ ಚಂದಾ. ದೊಡ್ಡ ಚಂದಾ ಕೊಟ್ಟವರ ಹೆಸರನ್ನು ಕಾಕಾ ಮೈಕಿನಲ್ಲಿ ಕೂಗುವುದು ವಾಡಿಕೆ. ನಮ್ಮ ಹೆಸರನ್ನು ನಮ್ಮ ಕಿಟಕಿಗೇ ಕೂಗುತ್ತಾರೆಂಬ ಯೋಚನೆಗೇ ಮೈ ಉರಿಯಿತು. ಮೆಟ್ಟಿಲಲ್ಲಿ ಇದನ್ನು ಕೇಳಿಸಿಕೊಂಡ ಗೀತಕ್ಕ ತಾನೂ ಬರುತ್ತೇನೆಂದರು. ಅವರು ವಿಜಾಪುರದ ಕಡೆಯವರು.

"ನನಗ ನೀರಿನ ಹೆದರಿಕಿ ಇಲ್ಲರೀ, ನೀರ ಕಂಡೇ ಇಲ್ಲ ನಾ. ಆದ್ರ ನಮ್ಮ ಸ್ಕೂಟರ ಹಿಡದಿಟ್ಟಾವ್ರಿಗೆ ನಮ್ಮ ರೊಕ್ಕಾನೂ ಕೊಡಬೇಕಂದ್ರ, ಸಮುದ್ರಾನೂ ದಾಟತೀನಿ."

ನಗರಪಾಲಿಕೆಯ ಈಜುಕೊಳದಲ್ಲಿ ಹೆಂಗಸರ ಬ್ಯಾಚ್ ಬೆಳಿಗ್ಗೆ ಬೇಗ. ಮೇಲೆ ಚಾವಣಿಯಿಲ್ಲದ ಕೊಳ. ಕಲಿಸಲು ಕಲ್ಯಾಣದಿಂದ ಮಾಧುರಿ ಮ್ಯಾಡಮ್ ಬರುತ್ತಿದ್ದರು. ಮೊದಲ ದಿನ ಮೊಣಕಾಲಿನವರೆಗಿನ ಈಜುಡುಗೆ ತೊಟ್ಟು ಗೀತಕ್ಕ ಬಾಗಿಲ ಹಿಂದಿನಿಂದ ಹೊರಗೇ ಬರಲಿಲ್ಲ. "ಸೈಕಲ್ ಟ್ಯೂಬಿಗೆ ಗಾಳಿ ಹೊಡದಂಗ ಆಗೇನಿ, ನೀವು ಆ ಕಡೆ ತಿರುಗ್ರಿ" ಎಂದು ಒಳಗಿಂದಲೇ ಕೂಗಿದರು. ಮನೆಯವರ ಗ್ರೂಪಿಗೆ ಫೋಟೋ ಹಾಕಬಾರದೆಂದು ತನ್ವಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು: "ಅಮ್ಮಾ, ಪ್ಲೀಸ್, ಫೋಟೋ ಫ್ಯಾಮಿಲಿ ಗ್ರೂಪ್ ಪೆ ಮತ್ ಡಾಲ್ನಾ."

ನಾನು ಕಂಬಿ ಹಿಡಿದವಳು ಬಿಡಲಿಲ್ಲ. ಮುಖವನ್ನು ನೀರಿಗೆ ತಗ್ಗಿಸಿದೊಡನೆ ಆ ಚಹಾದ ಬಣ್ಣ, ಆ ಖಾಲಿ ಬಂಡೆ. ಮೇಲೆದ್ದು ಕೆಮ್ಮುತ್ತಿದ್ದೆ. ಮಾಧುರಿ ಮ್ಯಾಡಮ್ ಬೈಯಲಿಲ್ಲ. "ಪಾನಿ ಸೇ ಝಗಡಾ ನಹೀ ಕರನೇ ಕಾ, ತಾಯಿ. ಮಾತ್ ಮಾಡೋ ಉಸ್ ಸೇ" ಎಂದರು, ನೀರಿನೊಡನೆ ಜಗಳ ಬೇಡ, ಮಾತಾಡು ಎಂಬ ಅರ್ಥದಲ್ಲಿ. ನಮ್ಮಿಂದ ಕಲಿತ ಎರಡು ಕನ್ನಡ ಶಬ್ದಗಳನ್ನು ಅವರು ಹೀಗೆ ಎಲ್ಲೆಂದರಲ್ಲಿ ಬಳಸುತ್ತಿದ್ದರು. ಅತ್ತಿಗೆಯಂತೂ ಮೊದಲ ವಾರದಲ್ಲೇ ಕೈಕಾಲು ಬಡಿಯುತ್ತ ಅರ್ಧ ಕೊಳದ ನೀರನ್ನು ಹೊರಗೆ ಚೆಲ್ಲುತ್ತಿದ್ದರು. ದಣಿದು ನಿಂತಾಗ "ಹತ್ತು ಸಾವಿರ, ಹತ್ತು ಸಾವಿರ" ಎಂದು ಜಪ ಮಾಡಿ ಮತ್ತೆ ಮುಳುಗುತ್ತಿದ್ದರು. ನಾನು ಬೆಳಿಗ್ಗೆ ಹೊದಿಕೆಯೊಳಗೆ ಎಷ್ಟೋ ಸಲ ಇವತ್ತು ಬೇಡ ಅಂದುಕೊಂಡಿದ್ದೇನೆ. ಆಗೆಲ್ಲ ಕಾಕಾನ ಮೈಕಿನ ದನಿ ಕಿವಿಯಲ್ಲಿ ಕೇಳಿಸಿ ಎದ್ದು ಕೂರುತ್ತಿದ್ದೆ.

ಮಳೆಯಲ್ಲಿ ಈಜುವುದೆಂದರೆ ಏನೆಂದು ಆ ಆಷಾಢ ಶ್ರಾವಣಗಳಲ್ಲಿ ಗೊತ್ತಾಯಿತು. ಕಣ್ಣು ನೀರಿನ ಮಟ್ಟದಲ್ಲಿರುವಾಗ ಪ್ರತಿ ಹನಿಯೂ ಬಿದ್ದು ಒಂದೊಂದು ಸಣ್ಣ ಗೊಂಬೆಯಂತೆ ಎದ್ದು ನಿಲ್ಲುತ್ತದೆ. ಗಾಳಿ ತಣ್ಣಗಿದ್ದರೂ ನೀರು ಬೆಚ್ಚಗೆ. ಒಂದು ದಿನ ಮಾಧುರಿ ಮ್ಯಾಡಮ್ ನನ್ನ ಬೆನ್ನ ಕೆಳಗೆ ಹಿಡಿದಿದ್ದ ಕೈಯನ್ನು ನನಗೆ ತಿಳಿಯದ ಹಾಗೆ ತೆಗೆದರು. ಆಕಾಶವನ್ನೇ ನೋಡುತ್ತ ತೇಲುತ್ತಿದ್ದೆ, ಮುಖಕ್ಕೆ ಮಳೆ ಬೀಳುತ್ತಿತ್ತು. ಗೀತಕ್ಕ ದಂಡೆಯಿಂದ "ಅಯ್ಯ, ಕೈ ಬಿಟ್ಟಾರ ನೋಡ್ರಿ ಆಕಿನ್ನ" ಎಂದ ಮೇಲೆಯೇ ನನಗೆ ಗೊತ್ತಾಗಿ ಮುಳುಗಿದ್ದು.

ಈಜು ಮುಗಿಸಿ ಹೋಟೆಲಿಗೆ ನುಗ್ಗುತ್ತಿದ್ದೆವು. ಅಂಥ ಹಸಿವನ್ನು ನಾನು ಮತ್ತೆ ಕಂಡಿಲ್ಲ. ಅಣ್ಣ ಗಲ್ಲಾದಿಂದಲೇ "ಮೀನುಗಳು ಬಂದುವು, ಇಡ್ಲಿ ಹಾಕಿ" ಎಂದು ಒಳಗೆ ಕೂಗುತ್ತಿದ್ದ. ಅಲ್ಲಿಂದ ನಾನು ಲೋಕಲ್ ರೈಲಿನಲ್ಲಿ ಥಾಣೆಗೆ ಹೋಗಿ ಗಾಡಿ ಬದಲಿಸಿ ಬೇಲಾಪುರ ಸೇರುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ನನ್ನ ಒದ್ದೆ ಕೂದಲಿನ ವಾಸನೆಗೆ ಪಕ್ಕದವಳು ಒಮ್ಮೆ ಮೂಗು ಎಳೆದು, "ಕೌನ್ಸಾ ಶಾಂಪೂ ಹೈ? ಹಮಾರೇ ಬಾಥ್ರೂಮ್ ಜೈಸಾ ಸಾಫ್ ಸಾಫ್ ಲಗ್ತಾ ಹೈ" ಎಂದು, ತೊಳೆದ ಬಚ್ಚಲಿನ ವಾಸನೆಯ ಆ ಶಾಂಪೂ ಯಾವುದೆಂದು ಕೇಳಿದಳು.

ಆದರೂ ಒಂದು ಹಗ್ಗ ಉಳಿದೇ ಇತ್ತು. ಕೊಳದ ಮುಕ್ಕಾಲು ಭಾಗದಲ್ಲಿ ಕೆಂಪು ಬಿಳಿ ಗುಂಡುಗಳನ್ನು ಪೋಣಿಸಿದ ಹಗ್ಗ ಕಟ್ಟಿದ್ದರು. ಅದರಾಚೆ ನೆಲ ಜಾರಿ ಎಂಟು ಅಡಿಗೆ ಇಳಿಯುತ್ತಿತ್ತು. ಅಲ್ಲಿಯ ತನಕ ಚೆನ್ನಾಗಿ ಈಜಿ ಬಂದವಳು ಹಗ್ಗ ಮುಟ್ಟಿದ ತಕ್ಷಣ ನಿಂತುಬಿಡುತ್ತಿದ್ದೆ. ಅತ್ತಿಗೆ ಮತ್ತು ಗೀತಕ್ಕ ನಾಳೆ ದಾಟುತ್ತೇವೆಂದು ನನ್ನ ಜೊತೆ ನಿಲ್ಲುತ್ತಿದ್ದರು. ಚೌತಿಗೆ ಎರಡು ವಾರ ಉಳಿದಿತ್ತು.

ಆಗ ಬಂತು ಆ ಫ್ಲೆಕ್ಸ್.

ಒಂದು ಬೆಳಿಗ್ಗೆ ಗೇಟಿನಿಂದ ಹೊರಬಂದ ನಾವು ಮೂವರೂ ತಲೆಯೆತ್ತಿ ನಿಂತೆವು. ಎದುರು ಕಟ್ಟಡದ ಮುಂದೆ ಮಂಡಳದ ಹೊಸ ಫ್ಲೆಕ್ಸ್. ನಡುವೆ ಗಣಪತಿ, ಪಕ್ಕದಲ್ಲಿ ಸುಮಾರು ಅಷ್ಟೇ ದೊಡ್ಡದಾಗಿ ಕೈಮುಗಿದು ನಿಂತ ನನ್ನ ಅಣ್ಣ. ಈ ವರ್ಷದ ಮುಖ್ಯ ದಾನಿ ಎಂದು ಕೆಳಗೆ ಮರಾಠಿಯಲ್ಲಿ ಬರೆದಿತ್ತು.

ಅತ್ತಿಗೆ ಬಹಳ ಹೊತ್ತು ನೋಡಿದರು. "ಫೋಟೋ ನಮ್ಮ ಮದುವೆಯದ್ದು" ಎಂದರು. "ನನ್ನನ್ನು ಕತ್ತರಿಸಿ ತೆಗೆದಿದ್ದಾರೆ."

ಆದದ್ದು ಇಷ್ಟೇ. ಗಣಪತಿ ಹಬ್ಬದ ಮುಂಚಿನ ದಿನಗಳಲ್ಲಿ ಹೋಟೆಲಿಗೆ ರಸೀದಿ ಪುಸ್ತಕ ಹಿಡಿದ ಮಂಡಳಗಳು ಸಾಲಾಗಿ ಬರುತ್ತವೆ. ಊಟದ ಹೊತ್ತಿನಲ್ಲಿ ಅವರೊಡನೆ ಚೌಕಾಶಿಗೆ ಕೂತರೆ ವ್ಯಾಪಾರ ಹಾಳು. ಅದಕ್ಕೆ ಅಣ್ಣ ಮೊದಲೇ ಒಂದೊಂದು ಮಂಡಳದ ಹೆಸರು ಬರೆದ ಲಕೋಟೆಯಲ್ಲಿ ಐನೂರೊಂದು ಹಾಕಿ ಗಲ್ಲಾದ ಖಾನೆಯಲ್ಲಿ ಇಟ್ಟಿರುತ್ತಾನೆ. ಬಂದವರಿಗೆ ಹೆಸರು ನೋಡಿ ಎತ್ತಿ ಕೊಡುವುದು, ಕೈ ಮುಗಿಯುವುದು. ನಮ್ಮ ಮೂವರ ಹಣವನ್ನೂ ಅತ್ತಿಗೆ ಒಂದೇ ಲಕೋಟೆಗೆ ಹಾಕಿ ಭದ್ರವಾಗಿರಲೆಂದು ಅದೇ ಖಾನೆಯಲ್ಲಿ ಇಟ್ಟಿದ್ದರು. ಸೋತರೆ ಯಾರಿಗೆ ಹೋಗಬೇಕೆಂದು ಮರೆಯದಿರಲಿ ಎಂದು ಲಕೋಟೆಯ ಮೇಲೆ ಎದುರು ಮಂಡಳದ ಹೆಸರನ್ನೂ ಬರೆದಿದ್ದರು. ಕಾಕಾ ಬಂದ ದಿನ ಹೋಟೆಲು ತುಂಬಿತ್ತು. ಅಣ್ಣನ ಕೈಗೆ ಸಿಕ್ಕಿದ್ದು ದಪ್ಪದ ಲಕೋಟೆ.

"ನನಗೆ ಎಂತ ಗೊತ್ತು? ಹೆಸರು ಸರಿ ಇತ್ತು, ಕೊಟ್ಟೆ" ಎಂದ ಅಣ್ಣ. ಮುಖ ಸಪ್ಪಗಿದ್ದರೂ ಕಣ್ಣು ಮತ್ತೆ ಮತ್ತೆ ಫ್ಲೆಕ್ಸಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಕಾಕಾ ಬಂದು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು, "ಅಣ್ಣಾಶೇಟ್, ತುಮಚಂ ಮನ್ ಮೋಠಂ" ಎಂದು ಅವನ ದೊಡ್ಡ ಮನಸ್ಸನ್ನು ಹೊಗಳಿ ಕಣ್ಣೊರೆಸಿಕೊಂಡರು. ವಾಪಸ್ ಕೇಳೋಣವೆಂದು ಬಂದಿದ್ದ ಅತ್ತಿಗೆ ಬಾಯಿ ಮುಚ್ಚಿದರು. ದೇವರ ಹೆಸರಿಗೆ ಹೋದ ಹಣವನ್ನು ಅಳುತ್ತಿರುವ ಮನುಷ್ಯನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ?

ಅಂದರೆ ಇನ್ನು ಈಜಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಮರುದಿನ ಎಚ್ಚರವಾದಾಗ ಹೊರಗೆ ಮಳೆ ಸುರಿಯುತ್ತಿತ್ತು. ಏಳುವುದಕ್ಕೆ ಒಂದೂ ಕಾರಣವಿರಲಿಲ್ಲ. ಮಲಗಿಯೇ ಸ್ವಲ್ಪ ಹೊತ್ತು ಕಾದೆ, ಕಾಕಾನ ಮೈಕಿನ ದನಿಯೂ ಕೇಳಲಿಲ್ಲ. ಆದರೆ ನೀರಿನ ಬೆಚ್ಚನೆಯ ಹಿತ ಮಾತ್ರ ಮೈಗೆ ನೆನಪಿತ್ತು. ಛತ್ರಿ ಹಿಡಿದು ಹೊರಟೆ. ಕೊಳದ ಬಾಗಿಲಲ್ಲಿ ಗೀತಕ್ಕ ನಿಂತಿದ್ದರು.

"ನೀವೂ ಬಂದ್ರಿ?" ಎಂದೆ.

"ರೊಕ್ಕ ಹೋತಂತ ನೀರು ಬತ್ತೇತೇನ್ರಿ?"

ಆ ದಿನ ನಾನು ಹಗ್ಗ ದಾಟಿದೆ. ಧೈರ್ಯ ಮಾಡಿದ್ದೇನೂ ಅಲ್ಲ. ಈಜುತ್ತ ಬಂದವಳು ಹಗ್ಗ ಸಿಕ್ಕಾಗ ತಲೆ ತಗ್ಗಿಸಿ ಅಡಿಯಿಂದ ನುಸುಳಿದೆ. ಕೆಳಗಿನ ನೆಲ ಜಾರಿ ದೂರ ಹೋಯಿತು. ಎದೆ ಹಿಡಿಯಿತು, ಬಂಡೆ ಕಂಡಿತು. ಕಣ್ಣು ತೆರೆದೇ ಇದ್ದೆ. ತುಂಬ ಕೆಳಗೆ ನೀಲಿ ಬಿಲ್ಲೆಗಳು ಒಂದೊಂದಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು. ಈ ನೀರಿಗೆ ತಳವಿದೆ ಎಂದುಕೊಂಡೆ, ಅದನ್ನೇ ನೋಡುತ್ತ ಕೈ ಹಾಕಿದೆ, ಗೋಡೆ ಸಿಕ್ಕಿತು. ಮಾಧುರಿ ಮ್ಯಾಡಮ್ ಶಿಳ್ಳೆ ಊದಿದರು. ನಾನು ಗೋಡೆ ಹಿಡಿದು ಮಳೆಯಲ್ಲಿ ಜೋರಾಗಿ ನಕ್ಕೆ. ಗೀತಕ್ಕ ಎರಡು ದಿನದಲ್ಲಿ ಸ್ಕೂಟರಿನ ಹೆಸರು ಹೇಳಿಕೊಂಡು ದಾಟಿದರು.

ಅತ್ತಿಗೆ ಬರಲಿಲ್ಲ. ಮೊದಲ ದಿನ ಹೋಟೆಲಿನಲ್ಲಿ ಕೆಲಸವೆಂದರು, ಮರುದಿನ ಸೊಂಟನೋವೆಂದರು. ನಾಲ್ಕನೆಯ ಸಂಜೆ ನಾನು ಮೇಲೆ ಹತ್ತಿಹೋದೆ. ಅವರು ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಬಹಳ ಹೊತ್ತು ಆ ಮಾತು ಈ ಮಾತು ಆಡಿ ಕೊನೆಗೆ ಸೊಪ್ಪನ್ನೇ ನೋಡುತ್ತ ಹೇಳಿದರು.

"ಆ ದಿನ ಒಳಗೆ ಹೋದಾಗ ನೀನು ಕೂಗುವುದು ಕೇಳ್ತಾ ಇತ್ತು ಸುಮಾ. ಅತ್ತಿಗೆ, ಅತ್ತಿಗೆ ಅಂತ. ಮತ್ತೆ ಅದೂ ಕೇಳಲಿಲ್ಲ."

ಇಷ್ಟು ದಿನದಲ್ಲಿ ಒಮ್ಮೆಯೂ ಅವರು ಇದನ್ನು ಹೇಳಿರಲಿಲ್ಲ.

"ಮತ್ತೆ ಇಷ್ಟು ದಿನ ಹೇಗೆ ಬಂದ್ರಿ ನೀವು?"

"ಹಣ ಇತ್ತಲ್ಲ. ನೀರಿಗೆ ಇಳಿದ್ರೆ ಹಣದ್ದೇ ಯೋಚನೆ, ಬೇರೆ ಯೋಚನೆಗೆ ಜಾಗವೇ ಇರ್ಲಿಲ್ಲ. ಈಗ ಹಣ ಹೋಯ್ತು. ಇಳಿದ್ರೆ ಬರೀ ನೀರು." ಸ್ವಲ್ಪ ನಕ್ಕರು. "ನೀನು ಕಲಿತಿಯಲ್ಲ, ಸಾಕು. ಇನ್ನೊಮ್ಮೆ ಬಿದ್ರೆ ಎತ್ತು."

ಕೆಳಗಿಳಿದು ಬಂದವಳಿಗೆ ನಿದ್ದೆ ಬರಲಿಲ್ಲ. ಬಿದ್ದವರಿಗಿಂತ ನೋಡಿದವಳಿಗೇ ಹೆಚ್ಚು ಪೆಟ್ಟಾಯಿತೆಂದು ನಾನು ಎರಡು ತಿಂಗಳು ನಂಬಿಕೊಂಡಿದ್ದೆ. ಅತ್ತಿಗೆಯ ನಗೆಯ ಕೆಳಗೂ ಅದೇ ಹಳ್ಳ ಹರಿಯುತ್ತಿತ್ತು. ಬಾ ಎಂದು ಕರೆದರೆ ಅವರು ಬರುವವರಲ್ಲ. ಅವರನ್ನು ಎಬ್ಬಿಸುವುದು ಏನೆಂದು ಅವರೇ ನನಗೆ ಕಲಿಸಿದ್ದರು.

ಮರುದಿನ ಈಜು ಮುಗಿಸಿ ಕೊಳದ ಆಫೀಸಿನಲ್ಲಿ ಅವರ ಹೆಸರಿಗೆ ಇಡೀ ವರ್ಷದ ಫೀಸು ಕಟ್ಟಿದೆ. ಹೋಟೆಲಿಗೆ ಹೋಗಿ ರಸೀದಿಯನ್ನು ಅವರ ಮುಂದಿಟ್ಟೆ.

"ಇದೆಂತ?"

"ನಿಮ್ಮ ಫೀಸು. ಮುಂದಿನ ಮಳೆಗಾಲದ ತನಕ."

"ವಾಪಸ್ ತಗೊಂಡು ಬಾ."

"ವಾಪಸ್ ಕೊಡೋದಿಲ್ಲ. ಕೆಳಗೆ ಬರೆದಿದ್ದಾರೆ ನೋಡಿ."

ಅತ್ತಿಗೆ ಕನ್ನಡಕ ಹಾಕಿಕೊಂಡು ಓದಿದರು. ಮುಖ ಕೆಂಪಾಯಿತು. "ಹುಚ್ಚು ಹಿಡಿದಿದ್ಯಾ ನಿಂಗೆ? ನಿನ್ನ ಸಂಬಳ ಎಂತ ನಿಮ್ಮಪ್ಪನ ಗದ್ದೆಯಲ್ಲಿ ಬೆಳೀತದಾ? ಥಾಣೆಗೆ ಹೋಗಿ, ಗಾಡಿ ಬದಲಿಸಿ, ನೇತಾಡಿಕೊಂಡು ದುಡಿದ ಹಣ ಇದು." ಗಲ್ಲಾದಲ್ಲಿದ್ದ ಅಣ್ಣನ ಕಡೆ ತಿರುಗಿದರು. "ನೋಡಿ ನಿಮ್ಮ ತಂಗಿಯನ್ನು. ನೀವು ಗಣಪತಿಗೆ ಕೊಟ್ರಿ, ಅವಳು ನೀರಿಗೆ ಹಾಕಿದ್ಲು. ಇಡೀ ಸಂಸಾರವೇ ಹೀಗೆ."

ಮರುದಿನ ಬೆಳಿಗ್ಗೆ ಅವರು ನಮಗಿಂತ ಮೊದಲೇ ಕೊಳದ ಬಾಗಿಲಲ್ಲಿದ್ದರು. ನನ್ನೊಡನೆ ಮಾತಾಡಲಿಲ್ಲ. ತಮ್ಮ ಹಣ ಹೋದದ್ದನ್ನು ದೇವರ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಾಗಬಲ್ಲವರು, ನನ್ನ ಹಣ ಹಾಳಾಗುವುದನ್ನು ನೋಡಿ ಕೂರಲಾರದೆ ಬಂದಿದ್ದರು. ಮೂರ್ನಾಲ್ಕು ದಿನ ಹಾಗೆಯೇ ಸಿಟ್ಟಿನಲ್ಲಿ ಹಗ್ಗದ ತನಕ ಈಜಿ ತಿರುಗಿ ಬರುತ್ತಿದ್ದರು.

ಚೌತಿಯ ಹಿಂದಿನ ದಿನ ಮಳೆ ಬಿಟ್ಟಿತ್ತು, ಕೊಳದ ಮೇಲೆ ಎಳೆ ಬಿಸಿಲು. ಗೀತಕ್ಕ ಆಚೆ ತುದಿಯಲ್ಲಿ ಗೋಡೆ ಹಿಡಿದಿದ್ದರು. ಅತ್ತಿಗೆ ಹಗ್ಗದ ಹತ್ತಿರ ಬಂದು ನಿಂತರು. ತುಟಿ ನೀಲಿಯಾಗಿತ್ತು. ನಾನು ಹಗ್ಗದ ಆಚೆ, ಎಂಟು ಅಡಿ ನೀರಿನ ಮೇಲೆ, ಕಾಲಾಡಿಸುತ್ತ ಅವರ ಎದುರಿಗಿದ್ದೆ. ಕೈ ಕೊಡಬೇಡವೆಂದು ಮಾಧುರಿ ಮ್ಯಾಡಮ್ ಸನ್ನೆ ಮಾಡಿದರು.

"ಆಗುದಿಲ್ಲ ಸುಮಾ" ಎಂದರು ಅತ್ತಿಗೆ, ನನಗೆ ಮಾತ್ರ ಕೇಳುವ ಹಾಗೆ.

"ನಾನು ಪಕ್ಕದಲ್ಲೇ ಇರ್ತೇನೆ. ಕೂಗ್ತಾ ಇರ್ತೇನೆ."

"ಎಂತ ಅಂತ ಕೂಗ್ತಿ?"

"ಫೀಸು ಎಷ್ಟು ಅಂತ."

ಅವರು ಉರಿದು ನನ್ನನ್ನು ನೋಡಿದರು. ಆ ಉರಿಯಲ್ಲೇ ಹಗ್ಗದ ಅಡಿಗೆ ತಲೆ ಹಾಕಿದರು. ಮುಳುಗಿದ ತಲೆ ಮೇಲೆ ಬರುವ ತನಕ ನನಗೆ ಉಸಿರಿರಲಿಲ್ಲ. ಬಂತು. ನಾನು ಫೀಸಿನ ಮೊತ್ತವನ್ನು ಕೂಗಿದೆ. ಒಂದು ಕೈ ಬಿತ್ತು, ಮತ್ತೊಂದು ಬಿತ್ತು. ನಾನು ಮತ್ತೆ ಕೂಗಿದೆ, ದಂಡೆಯಲ್ಲಿದ್ದ ಹೆಂಗಸರೆಲ್ಲ ಏನೆಂದು ತಿಳಿಯದೆ ಅದನ್ನೇ ಕೂಗತೊಡಗಿದರು. ನೀರು ಚೆಲ್ಲಾಡುತ್ತ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅತ್ತಿಗೆ ಬಂದರು. ಬೆರಳು ಗೋಡೆಗೆ ತಾಗಿತು. ನಂಬಿಕೆಯಾಗದೆ ಅವರು ಎರಡು ಸಲ ತಟ್ಟಿ ನೋಡಿದರು.

ಗೀತಕ್ಕ ಅವರ ತಲೆಯನ್ನು ಎದೆಗೆ ಒತ್ತಿಕೊಂಡರು. ನಾನು ಪಕ್ಕದಲ್ಲಿ ಗೋಡೆ ಹಿಡಿದು ಅಳುತ್ತಿದ್ದೆನೋ ನಗುತ್ತಿದ್ದೆನೋ, ಮುಖವೆಲ್ಲ ನೀರು. ಅತ್ತಿಗೆ ಸ್ವಲ್ಪ ಹೊತ್ತು ಏದುಸಿರು ಬಿಟ್ಟರು. ಆಮೇಲೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು.

"ಬ್ಯಾಚ್ ಮುಗೀಲಿಕ್ಕೆ ಇನ್ನೂ ಟೈಮ್ ಉಂಟು" ಎಂದರು. "ಇನ್ನೊಮ್ಮೆ ಹೋಗುವ. ಕೊಟ್ಟ ಹಣ ಅಲ್ವಾ?"

ನಾನು ಉತ್ತರ ಕೊಡುವ ಮೊದಲೇ ಅವರು ಗೋಡೆ ಬಿಟ್ಟಿದ್ದರು.